ಮುಚ್ಚಳ ಹಾಕುವವರೆಗೆ

ಮೊನ್ನೆ ಸೊಸೆ ಈರುಳ್ಳಿ ಉಪ್ಪಿನಕಾಯಿ ಹಾಕುತ್ತಿದ್ದಳು. ನಮ್ಮ ಕಾಲದ ಉಪ್ಪಿನಕಾಯಿಯಲ್ಲ, ಯಾರೋ ಗೆಳತಿ ಹೇಳಿಕೊಟ್ಟದ್ದಂತೆ. ನಿಂಬೆರಸದ ಬದಲು ಬಾಟಲಿಯಿಂದ ವಿನೆಗರ್ ಸುರಿಯುವುದು. ಬಿರಡೆ ತೆಗೆದಳೋ ಇಲ್ಲವೋ, ಆ ಹುಳಿ ಘಾಟು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಸೊಸೆ ಕರೆದದ್ದೂ ಕೇಳಿಸಲಿಲ್ಲ. ನಾನು ಬಂಗಾರಪೇಟೆಯ ಈ ಮನೆಯಲ್ಲಿ ಇರಲೇ ಇಲ್ಲ. ಆಂಡರ್ಸನ್‌ಪೇಟೆಯ ಒಂದು ಕತ್ತಲೆ ಕೋಣೆಯಲ್ಲಿ, ಕೆಂಪು ಗಾಜಿನ ದೀಪದ ಮುಂದೆ, ಮೊಣಕೈವರೆಗೆ ಒದ್ದೆಯಾಗಿ ನಿಂತಿದ್ದೆ. ಪಕ್ಕದಲ್ಲಿ ಪಟದಕ್ಕ ಇದ್ದರು...

ಪಟದಕ್ಕ ಎಂದರೆ ನಮ್ಮ ಪಕ್ಕದ ಮನೆಯವರು. ಅವರಿಗೆ ಹೆತ್ತವರಿಟ್ಟ ಹೆಸರು ಇದ್ದೇ ಇತ್ತು, ಆದರೆ ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಫೋಟೋ ಹಿಡಿಯುತ್ತಿದ್ದರು, ಅದಕ್ಕೆ ಪಟದಕ್ಕ. ಅದೂ ಹೆಂಗಸರ ಫೋಟೋ ಮಾತ್ರ. ಹೊರಗಿನ ಗಂಡಸಿನ ಮುಂದೆ ತಲೆಯೆತ್ತಿ ಕೂರುವುದು ಹೇಗೆಂದು ಹಿಂಜರಿಯುವ ಮನೆಗಳು ಆಗ ಬೇಕಾದಷ್ಟಿದ್ದವು. ಗಂಡಿನ ಕಡೆಯವರಿಗೆ ಕಳಿಸಲು ಹುಡುಗಿಯ ಪಟ, ಬಸುರಿಯ ಪಟ, ಬೊಂಬೆ ಹಾಗಿರುವ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜಿಯ ಪಟ, ಎಲ್ಲಕ್ಕೂ ಅವರ ಮನೆಗೇ ಬರಬೇಕು. ಅವರಪ್ಪ ಕುಪ್ಪಂ ಕಡೆಯಿಂದ ಬಂದು ಗಣಿಯ ಬಿಳಿ ದೊರೆಗಳ ಬಂಗಲೆಗಳಲ್ಲಿ ಪಟ ಹಿಡಿಯುತ್ತಿದ್ದವರು. ಗಂಡುಮಕ್ಕಳಿಲ್ಲದೆ ವಿದ್ಯೆಯನ್ನೂ ಕ್ಯಾಮೆರಾವನ್ನೂ ಮಗಳಿಗೇ ಕೊಟ್ಟು ಕಣ್ಣು ಮುಚ್ಚಿದರು.

ನಾನು ಅವರ ಪರಿಚಯ ಮಾಡಿಕೊಂಡ ರೀತಿ ನೆನೆದರೆ ಈಗಲೂ ನಾಚಿಕೆ, ನಗು ಎರಡೂ ಬರುತ್ತವೆ. ಬೇತಮಂಗಲದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸತು. ನನ್ನವರಿಗೆ ಚಿನ್ನದ ಗಣಿಯ ಮರದ ಡಿಪೋದಲ್ಲಿ ಕೆಲಸ. ಒಂದು ಬೆಳಿಗ್ಗೆ ಅತ್ತೆಯ ಜೊತೆ ರಾಗಿ ಕೇರುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಪಾದದಡಿ ನೆಲ ಒದರಿಕೊಂಡಿತು! ಗೂಡಿನಲ್ಲಿದ್ದ ಚೊಂಬು ಉರುಳಿ ಬಿತ್ತು, ಸೂರಿನಿಂದ ಮಣ್ಣು ಸುರಿಯಿತು. ನಾನು "ಅಯ್ಯಯ್ಯೋ" ಎಂದು ಚೀರಿಕೊಂಡು, ಸೆರಗು ಎಲ್ಲೋ ಜಡೆ ಎಲ್ಲೋ, ಬೀದಿಗೆ ಓಡಿದೆ. ಪಕ್ಕದ ಮನೆಯ ಜಗಲಿಯಿಂದ ಒಂದು ಕೈ ಬಂದು ನನ್ನ ರಟ್ಟೆ ಹಿಡಿಯಿತು.

"ಎಲ್ಲಿಗ್ ಓಡ್ತೀಯೇ ಅಮ್ಮಯ್ಯಾ, ಭೂಮಿ ಬಿಟ್ಟು?"

ಅದೇ ಪಟದಕ್ಕ. ನಾನು ನಡುಗುತ್ತಿದ್ದೆ, ಅವರು ಅಲುಗಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಬೀದಿ ನೋಡಿದೆ. ಓಡಿದವಳು ನಾನೊಬ್ಬಳೇ! ನೀರು ಸೇದುತ್ತಿದ್ದವಳು ಹಗ್ಗ ಹಿಡಿದೇ ನಿಂತಿದ್ದಳು, ಎಲೆಯಡಿಕೆ ಅಂಗಡಿಯವನು ಸುಣ್ಣದ ಬೆರಳನ್ನು ಹಾಗೇ ಎತ್ತಿ ಹಿಡಿದಿದ್ದ, ನಮ್ಮತ್ತೆ ಮೊರದ ಮುಂದೆ ಕಲ್ಲಾಗಿ ಕೂತಿದ್ದರು. ಪಾತಾಳದಲ್ಲಿ ಬಂಡೆ ಸಿಡಿದರೆ ಆ ಊರಿನವರು ಮಾಡುವ ಮೊದಲ ಕೆಲಸ ಅದು. ಅಲುಗದೆ ಕೂತು ಕೇಳುವುದು, ಯಾವ ದಿಕ್ಕು, ಗಣಿಗೆ ಇಳಿಯುವ ಬಾವಿಗಳಲ್ಲಿ ಯಾವ ಶಾಫ್ಟು, ಯಾರ ಮನೆಯವರು ಈಗ ಒಳಗಿದ್ದಾರೆ ಎಂದು. ಆಮೇಲೆ ಬೇಕಾದವರು ಏಳುವುದು. ಸೈರನ್ನು ಕೂಗದಿದ್ದರೆ ಮೊರ ಮತ್ತೆ ಆಡುವುದು. ಇಂಥ ಊರಿಗೆ ಕೊಟ್ಟರಲ್ಲ ನನ್ನನ್ನು ಎಂದು ಅವತ್ತು ಅಪ್ಪನನ್ನು ಚೆನ್ನಾಗಿ ಬೈದುಕೊಂಡೆ.

ನನ್ನ ಭಯ ಬಿಡಿಸಲೆಂದೋ ಏನೋ ಅಕ್ಕ ನನ್ನನ್ನು ಒಳಗೆ ಕರೆದೊಯ್ದು ಕೂರಿಸಿದರು. ಮುಂದಿನ ಕೋಣೆಯೇ ಸ್ಟುಡಿಯೋ. ಹೆಂಚಿನ ಸೂರಿನ ನಡುವೆ ಗಾಜಿನ ಹೆಂಚುಗಳು, ಹಿಂದೆ ಬೂದಿ ಬಣ್ಣದ ಪರದೆ, ಬೆತ್ತದ ಬೆನ್ನಿನ ಎರಡು ಕುರ್ಚಿ. ಮುಂದೆ ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆ, ಅದರ ಮೂತಿಗೆ ಹಿತ್ತಾಳೆ ಬಳೆ, ಬಳೆಯ ಬಾಯಿಗೆ ತೊಗಲಿನ ಮುಚ್ಚಳ, ಹಿಂದೆ ಕಪ್ಪು ಬಟ್ಟೆ. ನಮ್ಮತ್ತೆ ನನ್ನನ್ನು ಹುಡುಕಿಕೊಂಡು ಬಂದು ಒಂದು ಕುರ್ಚಿಯಲ್ಲಿ ಕೂತಿದ್ದರು. "ಇದ್ರೊಳಗೆ ತಲೆ ಆಕಿ ನೋಡೇ" ಎಂದರು ಅಕ್ಕ. ನೋಡಿದೆ. ಅಬ್ಬಾ! ಮಸಕು ಗಾಜಿನ ಮೇಲೆ ನಮ್ಮತ್ತೆ ತಲೆಕೆಳಗಾಗಿ ನೇತಾಡುತ್ತಿದ್ದಾರೆ! ಕುಂಕುಮ ಕೆಳಗೆ, ಕಾಲುಂಗುರ ಮೇಲೆ. ನಾನು ಕಿರುಚಿ ಬಟ್ಟೆಯಿಂದ ಹೊರಬಂದು ನೋಡಿದರೆ ಅತ್ತೆ ನೆಟ್ಟಗೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮತ್ತೆ ತಲೆ ಹಾಕಿದೆ. ಮತ್ತೆ ತಲೆಕೆಳಗು. ಸುಳ್ಳೇಕೆ ಹೇಳಲಿ, ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಆಗಿದ್ದು ಅದೇ ಮೊದಲು.

ಹೀಗೆ ಕಲಿಕೆ ಶುರುವಾಯಿತು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಓಡುತ್ತಿದ್ದೆ. ಪೆಟ್ಟಿಗೆಯ ಪಕ್ಕದ ತಿರುಪನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಗಾಜಿನ ಮೇಲಿನ ಮುಖವನ್ನು ತಿಳಿಯಾಗಿಸುವುದೇ ಮುಖ್ಯ ವಿದ್ಯೆ. ಒಂದು ಕೂದಲಷ್ಟು ಹೆಚ್ಚು ತಿರುಗಿದರೂ ಮುಖ ಹೋಗಿ ಕಿವಿ ತಿಳಿಯಾಗುತ್ತದೆ. ನಾನು ಯಾವಾಗಲೂ ಮೂಗಿಗೆ ಹೋಗುತ್ತಿದ್ದೆ, ಎದ್ದು ಕಾಣುವುದು ಅದೇ ತಾನೇ. ಅಕ್ಕ ಬಟ್ಟೆಯ ಹೊರಗಿನಿಂದಲೇ ಬೆನ್ನಿಗೆ ಗುದ್ದುತ್ತಿದ್ದರು. "ಮೂಗು ನೋಡ್ಬೇಡ. ಕಣ್ರೆಪ್ಪೆ ನೋಡು. ರೆಪ್ಪೆ ಒಂದೊಂದೂ ಬಿಡಿಬಿಡಿಯಾಗಿ ಕಂಡ್ರೆ ಮನುಷ್ಯ ಸಿಕ್ಕಂಗೆ."

ಮುಚ್ಚಳ ತೆಗೆದ ಮೇಲಿನ ಲೆಕ್ಕ ಇನ್ನೂ ಚೆಂದ. ಅಕ್ಕನಿಗೆ ಗಡಿಯಾರವಿಲ್ಲ, ಗೋವಿಂದನೇ ಗಡಿಯಾರ. ಉಸಿರು ಎಳೆದು ನಿಧಾನವಾಗಿ "ಗೋ...ವಿಂ...ದಾ" ಎನ್ನುವುದು. ಬಿಸಿಲು ಚೆನ್ನಾಗಿದ್ದರೆ ಎರಡು ಗೋವಿಂದ, ಮೋಡ ಕವಿದಿದ್ದರೆ ಐದು. ಅಷ್ಟು ಹೊತ್ತು ಕೂತವರು ಅಲ್ಲಾಡಬಾರದು. "ಅಲ್ಲಾಡ್ಬೇಡಿ" ಎಂದು ನಮಗೆ, "ಕದಲೊದ್ದು" ಎಂದು ತೆಲುಗಿನವರಿಗೆ, "ಅಸೆಯಾದೆ" ಎಂದು ಗಣಿ ಕೂಲಿಗಳ ಲೈನುಮನೆಗಳ ತಮಿಳು ಹೆಂಗಸರಿಗೆ, ಮೂರು ಭಾಷೆಯಲ್ಲೂ ಗದರಿಸುತ್ತಿದ್ದರು. "ನಾನು ಮುಚ್ಚಳ ಆಕೋ ತನಕ ನೀವು ಕಲ್ಲು. ಮನೆ ಮೇಲೆ ಮನೆ ಬಿದ್ರೂ ಕಲ್ಲು." ನಾನು ಮನೆಯಲ್ಲೂ ಗೋವಿಂದ ಗೋವಿಂದ ಎಂದು ಅಭ್ಯಾಸ ಮಾಡುವುದನ್ನು ಕೇಳಿ, ಸೊಸೆಗೆ ಭಕ್ತಿ ಬಂತು ಎಂದು ಅತ್ತೆ ಹಿಗ್ಗಿದ್ದೇ ಹಿಗ್ಗಿದ್ದು. ನಾನು ಸ್ವಂತವಾಗಿ ಹಿಡಿದ ಮೊದಲ ಪ್ಲೇಟೂ ಅತ್ತೆಯದೇ. ಆಗೆಲ್ಲ ಗಾಜಿನ ಪ್ಲೇಟು. ಕತ್ತಲೆಯಲ್ಲಿ ಚಿತ್ರ ಮೂಡಿಸುವ ಮದ್ದಿನ ನೀರಿನಲ್ಲಿ ಅದ್ದಿ, ಮದ್ದನ್ನು ತಡೆಯುವ ವಿನೆಗರ್ ನೀರಿನಲ್ಲಿ ಅದ್ದಿ, ಚಿತ್ರ ನೆಲೆ ನಿಲ್ಲಿಸುವ ಹೈಪೋದಲ್ಲಿ ಅದ್ದಿ ತೆಗೆದರೆ ಅತ್ತೆಯ ಜಾಗದಲ್ಲಿ ಒಂದು ಕುಂಬಳಕಾಯಿ ಇತ್ತು. ಅಕ್ಕ ಅದನ್ನು ಎಸೆಯದೆ ಎತ್ತಿಟ್ಟರು. "ಮೊದಲ್ನೇದು ಕಣೆ, ಇರ್ಲಿ" ಎಂದರು.

ಒಂದು ದಿನ ನಾನು ಕೇಳಿಯೇಬಿಟ್ಟೆ. ಇಷ್ಟು ಜೋಪಾನವಾದ ವಿದ್ಯೆಯನ್ನು ಯಾರೂ ಸುಮ್ಮನೆ ಪಕ್ಕದ ಮನೆಯವಳಿಗೆ ಕೊಡುವುದಿಲ್ಲ. "ನಂಗ್ಯಾಕೆ ಕಲಿಸ್ತೀಯಾ ಅಕ್ಕಾ?"

ಅಕ್ಕ ಬೆತ್ತದ ಕುರ್ಚಿ ಒರೆಸುತ್ತಿದ್ದವರು ನಿಲ್ಲಿಸಿದರು. "ಈ ಊರಾಗಿರೋ ಹೆಣ್ ಮುಖ ಎಲ್ಲಾ ಇಡ್ದಿದೀನಿ. ನಂದು ಒಂದಿಲ್ಲ. ನಮ್ಮಪ್ಪ ಇಡೀಲಿಲ್ಲ, ಆಮೇಲೆ ಇಡ್ಯೋರ್ಯಾರು? ಅವ್ರ ಪಕ್ಕದಾಗೆ ಈ ಕುರ್ಚಿ ಮೇಲೆ ನಾನೂ ಒಂದ್ ದಪ ಕೂತ್ಕೊಬೇಕು ಕಣೆ. ಅಷ್ಟೇ. ಇನ್ನೇನೂ ಬ್ಯಾಡ."

ಅವರು ಎಂದರೆ ಅಕ್ಕನ ಗಂಡ. ನಾನು ಬಾವ ಎನ್ನುತ್ತಿದ್ದೆ. ಗಣಿಯ ಒಳಗೆ ಬಂಡೆ ಕೊರೆಯುವ ಮೆಷೀನು ಹಿಡಿಯುವ ಆಳು, ದೊಡ್ಡ ದೇಹ, ದೊಡ್ಡ ಗಂಟಲು, ಮಕ್ಕಳಿಲ್ಲದ ಮನೆಯನ್ನು ಒಬ್ಬರೇ ತುಂಬುತ್ತಿದ್ದರು. ಆದರೆ ಕ್ಯಾಮೆರಾ ಮುಂದೆ ಮಾತ್ರ ಸುಳಿಯುತ್ತಿರಲಿಲ್ಲ. ಅವರೊಬ್ಬರೇ ಅಲ್ಲ, ಒಳಗೆ ಇಳಿಯುವ ಯಾರೂ ಆಗ ಪಟಕ್ಕೆ ಕೂರುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಕೂರಬಹುದು, ಇಳಿಯುವಷ್ಟು ಕಾಲ ಇಲ್ಲ. ಅಕ್ಕ ರಮಿಸಿದರೆ ಬಾವ ನಗುತ್ತಲೇ ಹೇಳುತ್ತಿದ್ದರು, "ಲೇ, ಗ್ವಾಡೆ ಮ್ಯಾಲೊಬ್ಬ, ಗಣಿ ಒಳಗೊಬ್ಬ ಅಂತ ನಾನು ಇಬ್ರಾಗ್ಬುಟ್ರೆ, ಒಳಗಿರೋನ್ನ ಮಾರಮ್ಮ ಅಲ್ಲೇ ಇಟ್ಕೊಂಬುಡ್ತಾಳೆ. ಯಾರು ಬೇಕೋ ಯೋಳು ನಿಂಗೆ?" ಅಕ್ಕ ಎದ್ದು ಒಳಗೆ ಹೋಗುತ್ತಿದ್ದರು.

ಕೊನೆಗೆ ಆ ದಿನವೂ ಬಂತು. ಬಾವನಿಗೆ ಆಗಲೇ ಕೆಮ್ಮು ಹತ್ತಿತ್ತು. ಗಣಿಯವರು ನೆಲದ ಮೇಲಿನ ಕೆಲಸ ಕೊಟ್ಟರು. ಇನ್ನು ಆಳುಗಳನ್ನು ಗಣಿಗೆ ಇಳಿಸುವ ಕಬ್ಬಿಣದ ಕೇಜಿನಲ್ಲಿ ಇಳಿಯಬೇಕಾಗಿಲ್ಲ. ಆ ಸುದ್ದಿ ತಂದ ಸಂಜೆ ಅಕ್ಕ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮೆಷೀನಿನ ಜಾಗಕ್ಕೆ ಬಾವನ ಜೊತೆಗಾರ ಬಂದ. ಒಟ್ಟಿಗೆ ಕೆಲಸಕ್ಕೆ ಸೇರಿ, ಒಟ್ಟಿಗೆ ಇಳಿದು, ಒಂದೇ ಬುತ್ತಿಯಲ್ಲಿ ಉಂಡವರು ಅವರಿಬ್ಬರು. ಅವನು ತಮಿಳಿನವನು, ಮೂವರು ಮಕ್ಕಳ ತಂದೆ, ಬಾವನನ್ನು ಅಣ್ಣಾ ಎನ್ನುತ್ತಿದ್ದ.

ಪಟಕ್ಕೆ ಗೊತ್ತು ಮಾಡಿದ ಬೆಳಿಗ್ಗೆ ಅದೇ ಜೊತೆಗಾರ ಶಿಫ್ಟಿಗೆ ಹೋಗುವ ದಾರಿಯಲ್ಲಿ ಬಂದು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಕೊಟ್ಟ. "ಅಕ್ಕಾ, ನಮ್ಮವಳು ಕಟ್ಟಿದ್ದು, ಮುಡ್ಕೊಳ್ಳಿ. ಅಣ್ಣನ್ನ ನಗಿಸಿ ಪಟ ಇಡೀರಿ. ಸುಮ್ನೆ ಬಿಟ್ರೆ ಪೊಲೀಸ್‌ನೋರ ತರ ಕೂತ್ಕೊತಾರೆ" ಎಂದು ಬುತ್ತಿ ಕುಲುಕಿಸಿಕೊಂಡು ಹೋದ. ಬಾವ ಬಾಗಿಲಿನಲ್ಲಿ ನಿಂತು ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.

ಅಕ್ಕ ಧಾರೆಯ ಕೆಂಪು ಸೀರೆ ಉಟ್ಟಿದ್ದರು. ಕೆಂಪು ಪಟದಲ್ಲಿ ಕಪ್ಪಾಗಿ ಬರುತ್ತದೆ, ಉಡಬೇಡಿ ಎಂದು ಮದುಮಕ್ಕಳಿಗೆಲ್ಲ ಹೇಳುತ್ತಿದ್ದವರು ಅವರೇ. ನಾನು ನೆನಪಿಸಿದೆ. "ಕಪ್ಪಾದ್ರೆ ಆಗ್ಲಿ ಬಿಡೇ" ಎಂದು ಹದಿನಾರರ ಹುಡುಗಿಯ ಹಾಗೆ ನಾಚಿದರು. ಬಾವ ಕರೀ ಕೋಟು, ಜರಿ ರುಮಾಲು. ಕುರ್ಚಿಯಲ್ಲಿ ಕೂತಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಅಷ್ಟು ದಪ್ಪ ಬಂಡೆ ಕೊರೆದ ಕೈ! ನಾನು ಬಟ್ಟೆಯೊಳಗೆ ತಲೆ ಹಾಕಿದೆ. ತಲೆಕೆಳಗಾದ ಇಬ್ಬರೂ ಮಸಕು ಮಸಕಾಗಿ ತೂಗುತ್ತಿದ್ದರು. ತಿರುಪು ತಿರುಗಿಸಿದೆ. ಮೂಗು ಬಂತು, ಬಿಟ್ಟೆ. ಇನ್ನೊಂದು ಕೂದಲು... ಅಕ್ಕನ ರೆಪ್ಪೆ ಬಿಡಿಬಿಡಿಯಾಗಿ ಬಂತು. ಬಾವನದೂ. ಅವರ ಕಣ್ಣಂಚಿನಲ್ಲಿ ಗಣಿಯ ಧೂಳು ಕಾಡಿಗೆಯ ಗೆರೆ ಹಾಗೆ ಕೂತಿರುವುದನ್ನು ನಾನು ಅವತ್ತೇ ನೋಡಿದ್ದು.

ಪ್ಲೇಟು ಹಾಕಿದೆ, ಅದರ ಮುಂದಿನ ಹಲಗೆ ಎಳೆದೆ. ಹೊರಗೆ ಮೋಡ, ಐದು ಗೋವಿಂದ ಎಂದು ಅಕ್ಕನೇ ಹೇಳಿದ್ದರು. "ಅಲ್ಲಾಡ್ಬೇಡಿ" ಎಂದೆ, ನನ್ನ ಧ್ವನಿಗೆ ನಾನೇ ಬೆರಗಾಗಿ. ಮುಚ್ಚಳ ತೆಗೆದೆ.

ಗೋವಿಂದಾ. ಗೋವಿಂದಾ.

ಮೂರನೆಯದು ಬಾಯಲ್ಲಿ ಇರುವಾಗಲೇ ನೆಲ ಒದರಿತು.

ಎಂದಿನಂಥದ್ದಲ್ಲ. ಯಾರೋ ಮನೆಯನ್ನೇ ಕೆಳಗಿನಿಂದ ಗುದ್ದಿದಂತಾಯಿತು. ಗಾಜಿನ ಹೆಂಚು ಗಳಗಳ ಎಂದವು, ಕ್ಯಾಮೆರಾದ ಕಾಲು ಕಟಕಟ ಎಂದವು. ಒಂದು ಕ್ಷಣ ಬಾವ ಕಿವಿಗೊಟ್ಟರು. ಆ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. "ನಮ್ದೇ ಶಾಫ್ಟು" ಎಂದರು. ಅಷ್ಟೇ ಮಾತು. ಎದ್ದರು, ಅದೇ ಕೋಟು, ಅದೇ ರುಮಾಲಿನಲ್ಲಿ ಬೀದಿಗೆ ಬಿದ್ದು ಓಡಿದರು. ಸೈರನ್ನು ಕೂಗತೊಡಗಿತು. ನಾನು ಕೈಯಲ್ಲಿ ಮುಚ್ಚಳ ಹಿಡಿದು ನಿಂತೇ ಇದ್ದೆ. ಎಷ್ಟನೆಯ ಗೋವಿಂದ ಎಂಬುದೇ ಮರೆತುಹೋಗಿತ್ತು.

ಆಗ ಕುರ್ಚಿಯ ಕಡೆ ನೋಡಿದೆ. ಅಯ್ಯೋ ದೇವರೇ! ಅಕ್ಕ ಕೂತೇ ಇದ್ದರು! ಪಕ್ಕದ ಕುರ್ಚಿ ಖಾಲಿ, ಬೀದಿಯಲ್ಲಿ ಹೆಂಗಸರು ಬೊಬ್ಬೆ ಹಾಕುತ್ತಾ ಶಾಫ್ಟಿನ ಕಡೆ ಓಡುತ್ತಿದ್ದಾರೆ, ಇವರು ಮಡಿಲಲ್ಲಿ ಕೈ ಇಟ್ಟು, ಕತ್ತು ನೆಟ್ಟಗೆ ಮಾಡಿ, ಕ್ಯಾಮೆರಾದ ಹಿತ್ತಾಳೆ ಬಳೆಯನ್ನೇ ನೋಡುತ್ತಾ ಕೂತಿದ್ದಾರೆ. ರೆಪ್ಪೆ ಸಹ ಹೊಡೆಯುತ್ತಿಲ್ಲ. ಗಂಡ ಓಡಿದ ಕಡೆ ಕಣ್ಣು ಕೂಡ ತಿರುಗಿಸಿಲ್ಲ! ಎಷ್ಟು ಹೊತ್ತೋ ಕಾಣೆ, ಕೊನೆಗೆ ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಮುಚ್ಚಳ ಹಾಕಿತು. ಟಪ್ ಎಂದ ಆ ಸದ್ದಿಗೆ ಅಕ್ಕ ಎದ್ದರು. ಎದ್ದವರು ಬಾಗಿಲಿಗೆ ಹೋಗಲಿಲ್ಲ. ನೇರ ಕ್ಯಾಮೆರಾದ ಹತ್ತಿರ ಬಂದು, ಪ್ಲೇಟಿನ ಮುಂದಿನ ಹಲಗೆ ಮುಚ್ಚಿ, ತೆಗೆದು, ಕತ್ತಲೆ ಕೋಣೆಗೆ ಒಯ್ದು ಕಪ್ಪು ಕಾಗದದಲ್ಲಿ ಸುತ್ತಿ ಗೂಡಿನಲ್ಲಿಟ್ಟರು. ಆಮೇಲೆ... ಆಮೇಲೆ ಎದೆ ಸೀಳಿ ಬರುವಂತೆ ಒಂದು ಕೂಗು ಕೂಗಿ, ಬರಿಗಾಲಿನಲ್ಲಿ ಓಡಿದರು.

ಸಂಜೆ ಜೊತೆಗಾರನನ್ನು ಮೇಲೆ ತಂದರು. ಮೆಷೀನಿನ ಜಾಗದಲ್ಲೇ ಸಿಕ್ಕಿದನಂತೆ, ಬಾವ ಪ್ರತಿದಿನ ನಿಲ್ಲುತ್ತಿದ್ದ ಜಾಗ. ಬಾವನೇ ಬೇಡಿಕೊಂಡು ಕೆಳಗಿಳಿದು ಬಂಡೆ ಸರಿಸಿ ತಂದರು. ಜರಿ ರುಮಾಲನ್ನು ಬಿಚ್ಚಿ ಅವನ ಮುಖಕ್ಕೆ ಹೊದಿಸಿದ್ದರು.

ಬೀದಿಯ ಬಾಯಿಯನ್ನು ಮುಚ್ಚುವವರು ಯಾರು? ಪಟಕ್ಕೆ ಒಂದು ತಲೆ ಬೇಕಿತ್ತು, ಇವನು ಸಿಗಲಿಲ್ಲ, ಇವನ ಜಾಗದಲ್ಲಿ ನಿಂತವನನ್ನು ತೆಗೆದುಕೊಂಡಿತು ಎಂದು ಕೊಳಾಯಿಯ ಹತ್ತಿರ ಆಡಿಕೊಂಡರು. ನನಗೆ ಮೈ ಉರಿದು ಜಗಳಕ್ಕೇ ನಿಂತೆ. ಆದರೆ ಬೀದಿ ಹೇಳುವುದಕ್ಕೆ ಮುಂಚೆಯೇ ಬಾವ ಅದನ್ನು ನಂಬಿಬಿಟ್ಟಿದ್ದರು. ಮಣ್ಣು ಮುಗಿಸಿ ಬಂದವರು ಹೊಸಿಲಲ್ಲೇ ನಿಂತು ಅಕ್ಕನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಅದನ್ನ ಒಡ್ದಾಕು."

ಅಕ್ಕ ಒಳಗೆ ಹೋಗಿ ಕಾಗದ ಸುತ್ತಿದ ಪ್ಲೇಟು ತಂದು, ಅವರ ಕಣ್ಣೆದುರಿಗೆ ಒರಳಿನ ಕಲ್ಲಿಗೆ ಹೊಡೆದರು. ಗಾಜು ಅಂಗಳದ ತುಂಬ ಚೂರಾಯಿತು. ಮರುದಿನ ಬಾವ ಮೇಲಿನ ಕೆಲಸ ಬೇಡವೆಂದು ಹೇಳಿ, ತಮ್ಮ ಹಳೆಯ ಜಾಗವನ್ನೇ ಕೇಳಿ ಪಡೆದು ಕೇಜು ಹತ್ತಿದರು! ನಾವೆಲ್ಲ ಹೌಹಾರಿದೆವು. ಅಕ್ಕ ಕಾಲು ಹಿಡಿದುಕೊಂಡರು. "ಆ ಜಾಗ ನಂದು. ಅವ್ನು ನನ್ನ ಬದ್ಲು ನಿಂತಿದ್ದ. ಅವ್ನ ಮಕ್ಳ ಮುಖ ನೋಡೋಕೆ ನಂಗೆ ಬೇರೆ ದಾರಿ ಇಲ್ಲ, ಬಿಡು" ಎಂದು ಬಿಡಿಸಿಕೊಂಡು ಹೊರಟರು. ಅವರು ಮತ್ತೆ ಒಳಗೆ ಇಳಿಯುವ ಆಳಾದರು. ಅಂದ ಮೇಲೆ ಮತ್ತೆ ಪಟದ ಮಾತಿಲ್ಲ.

ನನಗೆ ಬಾವನ ಮೇಲೆ ಇದ್ದ ಕೋಪಕ್ಕಿಂತ ಅಕ್ಕನ ಮೇಲೆ ಹೆಚ್ಚಿತ್ತು. ಇವರೆಂಥ ಹೆಂಗಸಪ್ಪಾ! ಭೂಮಿ ಬಾಯಿ ಬಿಡುತ್ತಿದೆ, ಗಂಡ ಓಡುತ್ತಿದ್ದಾನೆ, ಪಟ ಕೆಡುತ್ತದೆಂದು ಕೂತಿದ್ದರಲ್ಲ! ಆ ಮುಖ ನನ್ನ ಕಣ್ಣಿಗೆ ಕಟ್ಟಿ ನಿದ್ದೆ ಬರುತ್ತಿರಲಿಲ್ಲ. ಕೆಲವು ದಿನ ಆ ಕಡೆ ಹೋಗಲೇ ಇಲ್ಲ. ಆಮೇಲೆ ಅವರೇ ಬಂದು, ಏನೂ ಆಗಿಲ್ಲವೆಂಬಂತೆ, "ಒಂದು ಮದ್ವೆ ಹೆಣ್ಣು ಬಂದೈತೆ, ಬಾರೇ" ಎಂದರು. ಹೋದೆ. ಬಿಟ್ಟು ಇರಲು ನನ್ನಿಂದ ಆಗುತ್ತಿರಲಿಲ್ಲ. ವರ್ಷಗಳು ಹಾಗೇ ಉರುಳಿದವು. ಬೌರಿಂಗ್‌ಪೇಟೆ ಸ್ಟೇಷನ್ನಿಗೆ ಹೋಗಿ ಬೆಂಗಳೂರಿನಿಂದ ಬಂದ ಪ್ಲೇಟಿನ ಪೆಟ್ಟಿಗೆ ಬಿಡಿಸಿಕೊಂಡು ಬರುವಷ್ಟು ನಾನು ಪಳಗಿದೆ. ಬಂಗಾರಪೇಟೆಯನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಆದರೆ ಆ ಬೆಳಗಿನ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಬಾವನನ್ನು ಬಂಡೆ ಮುಟ್ಟಲಿಲ್ಲ. ಧೂಳು ಮುಟ್ಟಿತು. ಎದೆಯಲ್ಲಿ ಕೂತ ಧೂಳು ಕೊನೆಗೆ ಆ ದೊಡ್ಡ ಗಂಟಲನ್ನು ಪಿಸುಗುಟ್ಟುವ ಹಾಗೆ ಮಾಡಿ, ಒಂದು ಮಧ್ಯಾಹ್ನ ಮಂಚದ ಮೇಲೇ ಕರೆದೊಯ್ದಿತು. ಹೆಣದ ಪಕ್ಕದಲ್ಲಿ ಕೂತ ನೆಂಟರು, "ಮುಖದ್ದೊಂದು ಪಟ ಇಡ್ಕೊಳಮ್ಮಾ, ತಿಥಿ ದಿನ ಹೂ ಆಕೋಕಾದ್ರೂ ಬೇಡ್ವಾ" ಎಂದರು. ಅಂಥ ಪಟ ಹಿಡಿಸುವ ರೂಢಿ ಇತ್ತು, ಅಕ್ಕ ಎಷ್ಟೋ ಮನೆಗಳಿಗೆ ಹಿಡಿದುಕೊಟ್ಟಿದ್ದರು. ಆದರೆ ಅವತ್ತು ತಲೆಯಾಡಿಸಿದರು. ನನ್ನ ಕಡೆ ತಿರುಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು, "ಕಣ್ಣೇ ಮುಚ್ಕೊಂಡವ್ರೆ. ಫೋಕಸು ಎಲ್ಲಿಗೆ ಮಾಡೋದೇ?" ಅಷ್ಟು ಹೊತ್ತು ಗಟ್ಟಿಯಾಗಿದ್ದ ನಾನು ಗೊಳೋ ಎಂದು ಅತ್ತುಬಿಟ್ಟೆ.

ಎಲ್ಲರೂ ಹೋದ ಮೇಲೆ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕರೆದರು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿ, ಮದ್ದು, ವಿನೆಗರ್, ಹೈಪೋ ಎಲ್ಲ ಜೋಡಿಸಿಟ್ಟಿದ್ದರು. ಅಕ್ಕಿ ಮಡಕೆಯ ತಳಕ್ಕೆ ಕೈ ಹಾಕಿ ಕಪ್ಪು ಕಾಗದದ ಒಂದು ಸುತ್ತು ತೆಗೆದು ನನ್ನ ಕೈಗಿಟ್ಟರು.

"ತೊಳಿ ಇದನ್ನ."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. "ಅಕ್ಕಾ! ಅವತ್ತು ಒಡೆದದ್ದು?"

"ಅದು ನಿಮ್ಮತ್ತೆ" ಎಂದರು. "ಕುಂಬಳಕಾಯಿ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪ್ಲೇಟನ್ನು ಮದ್ದಿಗೆ ಇಳಿಸಿದೆ. ಮುಚ್ಚಳ ಅಷ್ಟು ಹೊತ್ತು ತೆರೆದೇ ಇದ್ದುದರಿಂದ ಪ್ಲೇಟು ಬೇಗ ಬೇಗ ಕಪ್ಪಾಯಿತು. ಹೆದರಿ ವಿನೆಗರಿಗೆ ಹಾಕಿದೆ. ಆ ಘಾಟು ಮುಖಕ್ಕೆ ಹೊಡೆಯಿತು. ಹೈಪೋದಿಂದ ತೆಗೆದು ದೀಪಕ್ಕೆ ಹಿಡಿದೆ. ಮೊದಲು ಅಕ್ಕ ಕಂಡರು, ಇಡಿಯಾಗಿ, ಗಟ್ಟಿಯಾಗಿ. ಪಕ್ಕದ ಕುರ್ಚಿ ಕಂಡಿತು. ಅದರ ಬೆತ್ತದ ಹೆಣಿಗೆಯ ಒಂದೊಂದು ಕಣ್ಣೂ ಕಂಡಿತು. ಖಾಲಿ ಕುರ್ಚಿ... ಅಯ್ಯೋ ಎಂದುಕೊಂಡು ಪ್ಲೇಟನ್ನು ದೀಪಕ್ಕೆ ಇನ್ನಷ್ಟು ಹತ್ತಿರ ತಂದೆ. ಖಾಲಿಯಲ್ಲ! ಆ ಹೆಣಿಗೆಯ ಮೇಲೆ ಹೊಗೆಯಷ್ಟು ತೆಳ್ಳಗೆ ಒಂದು ಕೋಟು, ಒಂದು ರುಮಾಲು, ಒಂದು ಮುಖ. ಬಾವ ಕೂತಿದ್ದರು. ಅವರ ಎದೆಯ ಮೂಲಕ ಕುರ್ಚಿಯ ಬೆನ್ನು ಕಾಣುತ್ತಿತ್ತು.

ಪ್ಲೇಟು ಕೈಜಾರುವುದರಲ್ಲಿತ್ತು, ಅಕ್ಕ ಹಿಡಿದರು. ಅವರು ಬೆಚ್ಚಲಿಲ್ಲ. ಪ್ಲೇಟನ್ನು ಕಣ್ಣಿನ ಹತ್ತಿರ ತಂದು, ಬಾವ ಇದ್ದ ಕಡೆ ಬಹಳ ಹೊತ್ತು ನೋಡಿದರು. "ಐತೆ" ಎಂದರು. "ರೆಪ್ಪೆ ಐತೆ ಕಣೆ."

ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಅವತ್ತು ಕೇಳಿಬಿಟ್ಟೆ. "ಯಾಕಕ್ಕಾ ಏಳಲಿಲ್ಲ ನೀನು ಅವತ್ತು? ಬಾವ ಓಡ್ತಿದ್ರು... ನೀನು ತಿರುಗಿ ಸಹ ನೋಡ್ಲಿಲ್ಲ."

"ನೀನಿನ್ನೂ ಮುಚ್ಚಳ ಆಕಿರ್ಲಿಲ್ವಲ್ಲೇ" ಎಂದರು ಅಕ್ಕ, ಅದು ಯಾರಿಗಾದರೂ ತಿಳಿಯುವ ವಿಷಯ ಎಂಬಂತೆ. ಆಮೇಲೆ ಪ್ಲೇಟನ್ನು ಮೆಲ್ಲಗೆ ತಿಳಿನೀರಿಗೆ ಇಳಿಸಿದರು. "ಅವ್ರು ಎದ್ದೇಟ್ಗೆ ನಂಗೆ ಗೊತ್ತಾಯ್ತು, ಈ ಮನುಷ್ಯ ಇನ್ನು ಈ ಕುರ್ಚಿಗೆ ಬರಾಕಿಲ್ಲ ಅಂತ. ಎರಡು ಗೋವಿಂದ ಕೂತಿದ್ರು. ಅಷ್ಟು ಒಳಗಡೆ ಸೇರ್ಕೊಂಡಿತ್ತು. ನಾನೂ ಎದ್ದು ಓಡಿ, ಆ ಪೆಟ್ಟಿಗೆ ಕಾಲು ತಾಕಿ ಬಿದ್ದಿದ್ರೆ ಅದೂ ಓಗ್ತಿತ್ತು. ನಾ ಕೂತಿದ್ದು ಪಟಕ್ಕಲ್ಲ ಕಣೆ. ಆ ಎರಡು ಗೋವಿಂದ ಕಾಯ್ಕೊಂಡು ಕೂತಿದ್ದೆ."

ನಾನು ಅವರ ಭುಜಕ್ಕೆ ತಲೆಯಿಟ್ಟು ಅತ್ತೆ. ಅವರೆಂಥ ಹೆಂಗಸು ಎಂದು ವರ್ಷಗಟ್ಟಲೆ ಉರಿದುಕೊಂಡಿದ್ದೆನಲ್ಲ, ಅದಕ್ಕೆ ಉತ್ತರ ಸಿಕ್ಕಿತ್ತು.

ಪ್ಲೇಟು ಅಷ್ಟು ಕಪ್ಪಾಗಿದ್ದರಿಂದ ಅದರ ಕೆಳಗೆ ಪಟ ಇಳಿಸುವ ಕಾಗದ ಇಟ್ಟು ಇಡೀ ಹಗಲು ಬಿಸಿಲಿಗೆ ಹಿಡಿಯಬೇಕಾಯಿತು. ಕೆಂಪು ಸೀರೆ ಕಪ್ಪಾಗಿಯೇ ಬಂತು. ನೆಲ ನಡುಗಿದ್ದಕ್ಕೆ ಅದರ ಅಂಚು ಎರಡೆರಡಾಗಿತ್ತು. ಎಲ್ಲಕ್ಕಿಂತ ಬೆಳ್ಳಗೆ ಕಂಡದ್ದು ಮುಡಿಯ ಮಲ್ಲಿಗೆ. ತಿಥಿಯ ದಿನ ಅಕ್ಕ ಆ ಪಟಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದರು. ಬಂದವರು ನೋಡಿ ಬೆಚ್ಚಿಬಿದ್ದು ಎದೆಗೆ ಕೈ ಇಟ್ಟುಕೊಂಡರು. ಜೊತೆಗಾರನ ಹೆಂಡತಿ ಮಾತ್ರ ಹತ್ತಿರ ಹೋಗಿ, ಮಲ್ಲಿಗೆಯನ್ನು ಬೆರಳಿನಿಂದ ಮುಟ್ಟಿ, ಅಕ್ಕನ ಪಕ್ಕದಲ್ಲಿ ಕೂತಳು.

ಆಮೇಲೆ ಅಕ್ಕ ಕ್ಯಾಮೆರಾವನ್ನು ನನಗೆ ಕೊಟ್ಟು ಕುಪ್ಪಂ ಕಡೆಯ ತಂಗಿಯ ಮನೆಗೆ ಹೋದರು. ನಾನು ಹೋದಾಗಲೆಲ್ಲ ಕೇಳುತ್ತಿದ್ದೆ, "ಒಂದ್ ದಪ ಕೂತ್ಕೊ ಅಕ್ಕಾ, ಚೆನ್ನಾಗಿರೋದು ಇಡೀತೀನಿ." ಪ್ರತಿ ಸಲವೂ ಅದೇ ಉತ್ತರ, "ನಾನ್ ಕೂತಾಯ್ತಲ್ಲೇ."

ಅವರು ತೀರಿಹೋದ ಸುದ್ದಿ ಬಂದಾಗ ಓಡಿದೆ. ತಡವಾಗಿತ್ತು, ಮಣ್ಣು ಮುಗಿದಿತ್ತು. ತಂಗಿಯ ಮನೆಯ ಗೋಡೆಯ ಮೇಲೆ ಅದೇ ಪಟ, ಅದಕ್ಕೆ ಹೊಸ ಹೂವಿನ ಹಾರ. ಹಾರ ಸರಿಸಿ ನೋಡಿದವಳು ಹಾಗೇ ನಿಂತುಬಿಟ್ಟೆ. ಎದುರು ಕಿಟಕಿಯ ಬಿಸಿಲು ಅಷ್ಟು ವರ್ಷ ಬಿದ್ದೂ ಬಿದ್ದೂ ಕಾಗದ ಮಾಸಿಹೋಗಿತ್ತು. ಕಪ್ಪು ಸೀರೆ ಹೊಗೆಯ ಬಣ್ಣಕ್ಕೆ ತಿರುಗಿ, ಅಕ್ಕನ ಹಿಂದಿನ ಕುರ್ಚಿಯ ಹೆಣಿಗೆ ಎಲ್ಲಿ, ಅವರೆಲ್ಲಿ ಎಂದು ಹೇಳಲು ಆಗುತ್ತಿರಲಿಲ್ಲ. ಗಟ್ಟಿಯಾಗಿ ಕೂತಿದ್ದ ಅಕ್ಕ ತೆಳುವಾಗುತ್ತಾ ಆಗುತ್ತಾ ಬಾವನಷ್ಟೇ ಆಗಿದ್ದರು. ಇಬ್ಬರೂ ಒಂದೇ ಸಮ, ಎರಡು ಗೋವಿಂದದಷ್ಟು.

ಆ ಪಟ ಈಗ ಎಲ್ಲಿದೆಯೋ ತಿಳಿಯದು. ತಂಗಿಯ ಮನೆಯವರು ಊರು ಬಿಟ್ಟರು. ಪ್ಲೇಟನ್ನು ಅಕ್ಕ ಏನು ಮಾಡಿದರೋ ಹೇಳಲಿಲ್ಲ. ನನ್ನ ಹತ್ತಿರ ಅವರದೊಂದು ಮುಖವಿಲ್ಲ.

"ಅತ್ತೇ, ಏನಾಯ್ತು? ಎಷ್ಟೊತ್ತಿಂದ ಕರೀತಿದ್ದೀನಿ, ಅಲ್ಲಾಡ್ದೆ ಕೂತಿದ್ದೀರಲ್ಲ" ಎಂದು ಸೊಸೆ ಗಾಬರಿಯಿಂದ ಭುಜ ಹಿಡಿದಳು. ಅವರೆಕಾಯಿ ಇನ್ನೂ ಕೈಯಲ್ಲಿತ್ತು. ಏನಿಲ್ಲಮ್ಮಾ, ಪಕ್ಕದ ಮನೆಯ ಅಕ್ಕನೊಬ್ಬರು ನೆನಪಾದರು ಎಂದೆ. ಅವಳು ಹೋಗಿ ವಿನೆಗರ್ ಬಾಟಲಿಗೆ ಬಿರಡೆ ಹಾಕಿದಳು. ಘಾಟು ಸ್ವಲ್ಪ ಹೊತ್ತು ಮನೆಯಲ್ಲೇ ಸುಳಿದಾಡಿ, ಮೆಲ್ಲಗೆ ಕಡಿಮೆಯಾಗುತ್ತಾ ಹೋಯಿತು...